ಬ್ರೇಕಿನ ತುಕ್ಕು: ಯಾವುದಕ್ಕೆ ಅಂಜಬೇಕು?

ಅಡಿಕೆ, ತೆಂಗಿನಕಾಯಿಗಳನ್ನು ಪೇಟೆಗೆ ಒಯ್ಯುವ ಜೀಪು, ಕಾರುಗಳು ಈಗ ಕಾಸರಗೋಡಿನ ಹಳ್ಳಿಗಳಲ್ಲಿ ಧಾರಾಳವಾಗಿವೆ. ಕಡಲಿನ ಉಪ್ಪುಗಾಳಿ, ಜಡಿಮಳೆಗಳ ಈ ನಾಡಿನಲ್ಲಿ ಬೀಡುಕಬ್ಬಿಣದ ಬ್ರೇಕ್ ಡಿಸ್ಕಿಗೆ ತುಕ್ಕು ತಪ್ಪಿದ್ದಲ್ಲ.

ರಾತ್ರಿಯ ಮಳೆಗೆ ಡಿಸ್ಕಿನ ಮೇಲೆ ಹತ್ತಿದ ತೆಳು ಕೆಂಪಿಗೆ ಅಂಜಬೇಕಾಗಿಲ್ಲ. ನಾಲ್ಕಾರು ಬಾರಿ ಬ್ರೇಕ್ ಒತ್ತಿದರೆ ಅದು ಉಜ್ಜಿಹೋಗುವುದು. ಅದನ್ನು ತಡೆಯಲೆಂದು ಎಣ್ಣೆ ಸವರುವುದು ಮಾತ್ರ ಪ್ರಾಣಕ್ಕೇ ಅಪಾಯ. ಎಣ್ಣೆ ತಾಗಿದ ಬ್ರೇಕ್ ಹಿಡಿಯದು.

ಅಂಜಬೇಕಾದದ್ದು ಕಣ್ಣಿಗೆ ಕಾಣದ ತುಕ್ಕಿಗೆ. ಚಕ್ರದ ಹಬ್‌ಗೆ ಡಿಸ್ಕು ಕೂರುವ ಜಾಗದಲ್ಲಿ ಕೂದಲೆಳೆಯ ದಪ್ಪದಷ್ಟು ತುಕ್ಕು ಉಳಿದರೂ ಡಿಸ್ಕು ಓರೆಯಾಗಿ ಕೂರುತ್ತದೆ; ಬ್ರೇಕ್ ಒತ್ತಿದಾಗ ಗಾಡಿ ನಡುಗುತ್ತದೆ. ಅದನ್ನು ತೆಗೆಯದೆ ಹೊಸ ಡಿಸ್ಕು ಹಾಕಿಸಿದರೆ ಹಣ ಹೋಗುವುದೇ ಹೊರತು ನಡುಕ ಹೋಗದು.

ಆದುದರಿಂದ ಡಿಸ್ಕು ಬಿಚ್ಚಿದಾಗಲೆಲ್ಲ ಎದುರಲ್ಲೇ ನಿಂತು, ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಲೋಹ ಕಾಣುವ ತನಕ ಉಜ್ಜಿಸಿರಿ, ಒಣಬಟ್ಟೆಯಲ್ಲಿ ಒರೆಸಿಸಿರಿ. ಗಾಡಿ ತೊಳೆದ ಮೇಲೆ ಒದ್ದೆಯಲ್ಲೇ ನಿಲ್ಲಿಸದೆ, ತುಸು ದೂರ ಓಡಿಸಿ ಬ್ರೇಕ್ ಒತ್ತಿ ಒಣಗಿಸಿರಿ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ಗಾಡಿಯ ಡಿಸ್ಕಿನಲ್ಲಿ ತುಕ್ಕು ಗುಳಿ ತೋಡುತ್ತದೆ, ವಾರಕ್ಕೊಮ್ಮೆಯಾದರೂ ಓಡಿಸಿರಿ.

ಹಾರೆ, ಕತ್ತಿಗಳನ್ನು ಒರೆಸಿಡುವ ನಮಗೆ ಇದೇನೂ ಹೊಸ ಪಾಠವಲ್ಲ. ಮನೆಮಂದಿಯನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಗಾಡಿಗೆ ಅಷ್ಟು ಆರೈಕೆ ಸಲ್ಲದೆ?