ಮೊಹೆಂಜೊದಾರೊದ ಚರಂಡಿ ಮುಚ್ಚಳ

ಶಾಲೆಯಲ್ಲಿ ನಾವೆಲ್ಲ ಮೊಹೆಂಜೊದಾರೊ ಓದಿದ್ದೇವೆ. ಬೃಹತ್ ಸ್ನಾನದ ಕೊಳ, ಸುಟ್ಟ ಇಟ್ಟಿಗೆ, ನೇರ ಬೀದಿ. ಪರೀಕ್ಷೆ ಮುಗಿದ ಮೇಲೆ ಮರೆತೆವು. ಗುಂಡ್ಲುಪೇಟೆ, ಚಾಮರಾಜನಗರದ ಬಡಾವಣೆಗಳಲ್ಲಿ ಸುದ್ದಿಗಾಗಿ ಓಡಾಡುವಾಗ ಆ ಪಾಠ ಮತ್ತೆ ನೆನಪಾಗುತ್ತದೆ, ಸ್ವಲ್ಪ ನಾಚಿಕೆಯ ಜೊತೆಗೆ.

ಸುಮಾರು 4,500 ವರ್ಷಗಳ ಹಿಂದಿನ ಆ ಊರಿನಲ್ಲಿ 700ರಷ್ಟು ಬಾವಿಗಳಿದ್ದವೆಂದು ಪುರಾತತ್ವಜ್ಞರ ಅಂದಾಜು. ಬಚ್ಚಲ ನೀರು ಮನೆಯಿಂದ ಇಳಿಜಾರಾಗಿ ಬೀದಿ ಚರಂಡಿ ಸೇರುತ್ತಿತ್ತು. ಚರಂಡಿಗೆ ಹೊದಿಸಿದ ಇಟ್ಟಿಗೆ, ಕಲ್ಲುಚಪ್ಪಡಿಗಳನ್ನು ಎತ್ತಬಹುದಿತ್ತು. ನಡುನಡುವೆ ಹೂಳು ನಿಲ್ಲಲು ಗುಂಡಿಗಳಿದ್ದವು. ಇದು ಮುಂದೆ ಕಟ್ಟಿಕೊಳ್ಳುತ್ತದೆ, ಬಾಚಿ ತೆಗೆಯಬೇಕಾಗುತ್ತದೆ ಎಂಬುದು ಕಟ್ಟಿದವರಿಗೆ ಕಟ್ಟುವಾಗಲೇ ಗೊತ್ತಿತ್ತು.

ನಮ್ಮಲ್ಲಿ ಚರಂಡಿ ಕಾಮಗಾರಿಗೆ ಗುದ್ದಲಿ ಪೂಜೆ ಆಗುತ್ತದೆ, ಫೋಟೊ ಬರುತ್ತದೆ. ಹೂಳೆತ್ತುವುದಕ್ಕೆ ಪೂಜೆಯೂ ಇಲ್ಲ, ಫೋಟೊವೂ ಇಲ್ಲ. ಅಂಗಡಿ ಮುಂದಿನ ಚಪ್ಪಡಿಗೆ ಸಿಮೆಂಟು ಮೆತ್ತಿಬಿಟ್ಟರೆ ಮುಂದಿನ ಮಳೆಗೆ ನೀರು ಅಂಗಡಿಯೊಳಗೇ.

ಇಷ್ಟನ್ನು ಕಲಿಯಲು ಸಿಂಧೂ ಕಣಿವೆಗೇ ಹೋಗಬೇಕಿಲ್ಲ ಬಿಡಿ. ಪಶ್ಚಿಮ ಘಟ್ಟದ ಮಳೆನೆರಳಿನ ಈ ಸೀಮೆ ಬದುಕಿದ್ದೇ ಕೆರೆಗಳಿಂದ. ಏರಿ, ತೂಬು, ಕೋಡಿ ಇದ್ದ ಹಾಗೆಯೇ ತೂಬು ನೋಡಿಕೊಳ್ಳಲು ನೀರುಗಂಟಿಯೂ ಇದ್ದ. ಸುಗ್ಗಿಯಲ್ಲಿ ಊರವರು ಅವನಿಗೆ ಕಾಳು ಅಳೆದು ಕೊಡುತ್ತಿದ್ದರು. ಈಗ ಕಬಿನಿ ನೀರನ್ನು ಪಂಪಿನಿಂದ ಎತ್ತಿ ಕೆರೆ ತುಂಬಿಸುತ್ತಿದ್ದೇವೆ. ಒಳ್ಳೆಯದೇ, ಬರ ಕಂಡವರು ಬೇಡ ಅನ್ನುವುದಿಲ್ಲ. ಆದರೆ ಅದೇ ಕೆರೆಗೆ ಊರಿನ ಬಚ್ಚಲ ನೀರೂ ಇಳಿಯುವುದಾದರೆ ಇಷ್ಟು ಖರ್ಚು ಮಾಡಿ ತಂದ ನೀರು ಯಾರಿಗೆ? ಗುಂಡ್ಲು ಹೊಳೆ ಹರಿದು ಸೇರುವುದೂ ನಂಜನಗೂಡಿನ ಕಪಿಲೆಗೆ, ಜನ ಮುಳುಗೇಳುವ ಸಂಗಮಕ್ಕೆ.

ಪಠ್ಯ ಕೇಳದ ಪ್ರಶ್ನೆಯೊಂದಿದೆ. ಆ ಚಪ್ಪಡಿ ಎತ್ತಿ ಹೂಳು ಬಾಚಿದವರು ಯಾರು? ನಮ್ಮ ಕಾಲದಲ್ಲಾದರೆ ಇದಕ್ಕೆ ಉತ್ತರ ಜಾತಿಯ ಹೆಸರಿನಲ್ಲೇ ಸಿಗುತ್ತದೆ. ಮಲ ಹೊರುವ ಪದ್ಧತಿಯ ವಿರುದ್ಧ 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ದೇಶದಲ್ಲಿ ನಿಂತಿಲ್ಲ.

ಹಾಗಾಗಿ ಒಳಚರಂಡಿಯ ಮಾತು ಬಂದಾಗಲೆಲ್ಲ ಎಷ್ಟು ಕೋಟಿ ಎಂದು ಕೇಳುವ ಕೆಲಸ ಬೇರೆಯವರಿಗೆ ಬಿಡೋಣ. ಗುಂಡ್ಲುಪೇಟೆ ಪುರಸಭೆಯಲ್ಲೂ ಚಾಮರಾಜನಗರ ನಗರಸಭೆಯಲ್ಲೂ ನಾವು ಕೇಳಬೇಕಾದ್ದು ಮೂರೇ. ಹೂಳು ತೆಗೆಯುವ ಯಂತ್ರ ಎಲ್ಲಿದೆ? ಅದನ್ನು ನಡೆಸುವವರಿಗೆ ಯಾವ ತಿಂಗಳವರೆಗಿನ ಸಂಬಳ ಕೊಟ್ಟಿದ್ದೀರಿ? ಕೊನೆಗೆ ಆ ನೀರು ಯಾವ ಹಳ್ಳಕ್ಕೆ ಬೀಳುತ್ತದೆ?