ವೃತ್ತಗಳ ಹೊರಗೆ ಯಾರೂ ಇಲ್ಲವೇ?

ಹನ್ನೊಂದನೇ ತರಗತಿಯಲ್ಲಿರುವ ನನ್ನ ಮಗಳು ಕಳೆದ ಭಾನುವಾರ ಊಟದ ಮೇಜಿನ ಮೇಲೆ ಗಣಿತದ ಪುಸ್ತಕ ಹರಡಿಕೊಂಡು ಕೂತಿದ್ದಳು. ಗಣಗಳ ಪಾಠ. ಲೆಕ್ಕ ಹೀಗಿತ್ತು: ಒಂದು ಗುಂಪಿನಲ್ಲಿ 400 ಜನರಿದ್ದಾರೆ. ಅವರಲ್ಲಿ 250 ಮಂದಿಗೆ ಹಿಂದಿ ಬರುತ್ತದೆ, 200 ಮಂದಿಗೆ ಇಂಗ್ಲಿಷ್ ಬರುತ್ತದೆ. ಎರಡೂ ಬರುವವರು ಎಷ್ಟು?

ಅವಳು ಒಂದರ ಮೇಲೊಂದು ಹಾಯುವಂತೆ ಎರಡು ವೃತ್ತ ಬರೆದಳು. ನಡುವಿನ ಜಾಗಕ್ಕೆ ಪೆನ್ಸಿಲಿನಿಂದ ಗೆರೆ ತುಂಬಿದಳು. 250ಕ್ಕೆ 200 ಕೂಡಿಸಿ, 400 ಕಳೆದು, 50 ಎಂದು ಬರೆದಳು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಪುಸ್ತಕದ ಕೊನೆಯಲ್ಲಿದ್ದ ಉತ್ತರವೂ 50.

“ಎರಡೂ ಬಾರದವರು ಎಲ್ಲಿದ್ದಾರೆ?” ಎಂದು ಕೇಳಿದೆ.

“ಅಂಥವರು ಯಾರಿರ್ತಾರಪ್ಪ?” ಎಂದಳು, ತಲೆ ಎತ್ತದೆ.

ಅಡುಗೆಮನೆಯಲ್ಲಿ ಅವಳ ಅಜ್ಜಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಅವ್ವ ಗದಗದ ಕಡೆಯವಳು. ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ತರಕಾರಿ ಕೊಳ್ಳುವಷ್ಟು ಮರಾಠಿ ಕಲಿತಿದ್ದಾಳೆ. ಹಿಂದಿ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಆ 400 ಜನರ ಗುಂಪಿನಲ್ಲಿ ಅವಳು ನಿಂತಿದ್ದರೆ ಮೊಮ್ಮಗಳ ಲೆಕ್ಕ ತಪ್ಪಾಗುತ್ತಿತ್ತು.

ತಪ್ಪು ಮಗಳದ್ದಲ್ಲ. ನನಗೂ ಹೀಗೇ ಕಲಿಸಿದ್ದರು, ಬಹುಶಃ ನಿಮಗೂ. ಆದರೆ ವೆನ್ ಚಿತ್ರವನ್ನು ನಾವು ಕಲಿಸುವ ರೀತಿ ಆ ಚಿತ್ರ ಹುಟ್ಟಿದ ಉದ್ದೇಶಕ್ಕೇ ವಿರುದ್ಧವಾಗಿದೆ ಎಂಬುದು ನನ್ನ ತಕರಾರು.

ಮೊದಲು ಲೆಕ್ಕವನ್ನೇ ನೋಡಿ. 50 ಎಂಬ ಉತ್ತರ ಸರಿಯಾಗಬೇಕಾದರೆ ಗುಂಪಿನ ಪ್ರತಿಯೊಬ್ಬರಿಗೂ ಈ ಎರಡರಲ್ಲಿ ಒಂದಾದರೂ ಭಾಷೆ ಬರಬೇಕು. ಲೆಕ್ಕದಲ್ಲಿ ಆ ಮಾತೇ ಇಲ್ಲ. ಅದನ್ನು ನಾವಾಗಿ ಸೇರಿಸಿಕೊಳ್ಳದಿದ್ದರೆ ಏನಾಗುತ್ತದೆ? ಎರಡೂ ಬರುವವರು 100 ಮಂದಿ ಇದ್ದಾರೆ ಎಂದುಕೊಳ್ಳಿ. ಆಗ ಹಿಂದಿ ಮಾತ್ರ ಬರುವವರು 150, ಇಂಗ್ಲಿಷ್ ಮಾತ್ರ ಬರುವವರು 100, ಒಟ್ಟು 350. ಉಳಿದ 50 ಮಂದಿ ವೃತ್ತಗಳ ಹೊರಗಿದ್ದಾರೆ. ಇಂಗ್ಲಿಷ್ ಬರುವ ಎಲ್ಲ 200 ಮಂದಿಗೂ ಹಿಂದಿ ಬರುತ್ತದೆ ಎಂದಾದರೆ ಹೊರಗುಳಿದವರು 150. ಕೊಟ್ಟ ಸಂಖ್ಯೆಗಳಿಗೆ ಇವೆಲ್ಲವೂ ಹೊಂದುತ್ತವೆ. ಹಾಗಾಗಿ ನಿಜವಾದ ಉತ್ತರ “50ಕ್ಕಿಂತ ಕಡಿಮೆ ಇಲ್ಲ, 200ಕ್ಕಿಂತ ಹೆಚ್ಚಿಲ್ಲ” ಎಂಬುದು. ಪುಸ್ತಕದ 50 ಅದರ ಕೆಳಗಿನ ಅಂಚು ಮಾತ್ರ. ನಡುವಿನ ಜಾಗಕ್ಕೆ ಒಬ್ಬರು ಹೆಚ್ಚಾದಂತೆಲ್ಲ ಹೊರಗೂ ಒಬ್ಬರು ಹೆಚ್ಚುತ್ತಾರೆ. 150 ಜನರವರೆಗೆ ಅಡಗಿ ಕೂರಬಹುದಾದ ಜಾಗವನ್ನು ನಾವು ನೋಡದೆಯೇ ಸೊನ್ನೆ ಮಾಡಿಬಿಟ್ಟೆವು.

ಈ ಚಿತ್ರಕ್ಕೆ ಹೆಸರು ಕೊಟ್ಟ ಜಾನ್ ವೆನ್ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ತರ್ಕಶಾಸ್ತ್ರಜ್ಞ. ವೃತ್ತಗಳನ್ನು ಬರೆದು ತರ್ಕ ಹೇಳುವುದು ಆತನಿಗಿಂತ ಮೊದಲೂ ಇತ್ತು. ಗಣಿತಜ್ಞ ಆಯ್ಲರ್ ಜರ್ಮನಿಯ ರಾಜಕುಮಾರಿಯೊಬ್ಬಳಿಗೆ ಬರೆದು, 1768ರಿಂದ ಪುಸ್ತಕವಾಗಿ ಬಂದ ಪತ್ರಗಳಲ್ಲಿ ವೃತ್ತಗಳಿವೆ. ಆಯ್ಲರ್ ರೀತಿಯಲ್ಲಿ ನಮಗೆ ಮೊದಲೇ ಗೊತ್ತಿರುವುದನ್ನು ಬರೆಯಬೇಕು. ಎಲ್ಲ ಮಾವೂ ಹಣ್ಣು ಎಂದು ಗೊತ್ತಿದ್ದರೆ ಮಾವಿನ ವೃತ್ತ ಹಣ್ಣಿನ ವೃತ್ತದ ಒಳಗೆ. ಎರಡಕ್ಕೂ ಸಂಬಂಧವೇ ಇಲ್ಲವೆಂದು ಗೊತ್ತಿದ್ದರೆ ಎರಡು ವೃತ್ತ ದೂರ ದೂರ. ಸಂಬಂಧ ಏನೆಂದು ಇನ್ನೂ ಗೊತ್ತಿಲ್ಲದಿದ್ದರೆ? ಆಯ್ಲರ್ ರೀತಿ ಅಲ್ಲಿ ತೊಡಕಿಗೆ ಸಿಕ್ಕುತ್ತದೆ. 1880ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವೆನ್ ಕ್ರಮವನ್ನು ತಿರುಗಿಸಿದ. ಮೊದಲು ಸಾಧ್ಯವಿರುವ ಎಲ್ಲ ಜಾಗಗಳನ್ನೂ ಬರೆಯಿರಿ. ಆಮೇಲೆ ಯಾವ ಜಾಗದಲ್ಲಿ ಯಾರೂ ಇಲ್ಲವೆಂದು ಖಚಿತವಾಗಿ ಗೊತ್ತಿದೆಯೋ ಅದಕ್ಕೆ ಮಾತ್ರ ಮಸಿ ಬಳಿಯಿರಿ.

ವೆನ್‌ಗೆ ಮಸಿ ಎಂದರೆ “ಇಲ್ಲಿ ಯಾರೂ ಇಲ್ಲ” ಎಂಬ ಹೇಳಿಕೆ. ನಮ್ಮ ತರಗತಿಗಳಲ್ಲಿ ಮಸಿ ಎಂದರೆ “ಉತ್ತರ ಇಲ್ಲಿದೆ”. ಸಂಯೋಗಕ್ಕೆ ಎರಡೂ ವೃತ್ತ ತುಂಬು, ಛೇದನಕ್ಕೆ ನಡುವೆ ತುಂಬು, ಪೂರಕ ಗಣಕ್ಕೆ ಹೊರಗೆ ತುಂಬು. ಈ ರೂಢಿಯ ಬಗ್ಗೆ ನನಗೆ ಜಗಳವಿಲ್ಲ. ಗುರುತು ಯಾವುದಾದರೂ ಆಗಲಿ. ಆದರೆ ಅದರ ಜೊತೆಗೆ “ಈ ಜಾಗ ಖಾಲಿ ಎಂದು ನಿನಗೆ ಹೇಗೆ ಗೊತ್ತು?” ಎಂಬ ಪ್ರಶ್ನೆಯೂ ಹೊರಟುಹೋಯಿತು. ವೆನ್ ಚಿತ್ರದ ಜೀವ ಇದ್ದದ್ದು ಆ ಪ್ರಶ್ನೆಯಲ್ಲಿ. ಅದಿಲ್ಲದೆ ಉಳಿದದ್ದು ಚಿತ್ರಕಲೆಯ ಮನೆಗೆಲಸ.

ಎಲ್ಲ ಜಾಗಗಳನ್ನೂ ಬರೆಯಬೇಕೆಂಬ ಶಿಸ್ತು ಸಣ್ಣದಲ್ಲ. ಎರಡು ಗಣಕ್ಕೆ ಹೊರಗಿನದೂ ಸೇರಿ 4 ಜಾಗ, ಮೂರಕ್ಕೆ 8, ನಾಲ್ಕಕ್ಕೆ 16. ಆದರೆ ನಾಲ್ಕು ವೃತ್ತಗಳನ್ನು ಹೇಗೇ ಬರೆದರೂ 14ಕ್ಕಿಂತ ಹೆಚ್ಚು ಜಾಗ ಆಗುವುದಿಲ್ಲ. ಅದಕ್ಕೇ ವೆನ್ ನಾಲ್ಕು ಗಣಗಳಿಗೆ ವೃತ್ತ ಬಿಟ್ಟು ಅಂಡಾಕಾರ ಬಳಸಿದ. ನಮ್ಮ ಕಚೇರಿಗಳ ಸ್ಲೈಡುಗಳಲ್ಲಿ ಹೂವಿನ ಎಸಳಿನಂತೆ ನಾಲ್ಕು ವೃತ್ತ ಜೋಡಿಸಿದ ಚಿತ್ರ ನೀವೂ ನೋಡಿರುತ್ತೀರಿ. ಅದರಲ್ಲಿ ಎದುರುಬದುರಿನ ಎರಡು ವೃತ್ತಗಳಿಗೆ ಮಾತ್ರ ಸೇರಿದವರಿಗೆ ಜಾಗವೇ ಇಲ್ಲ. ಅಂಥವರು ಇಲ್ಲವೆಂದು ಯಾರೂ ತೀರ್ಮಾನಿಸಿಲ್ಲ. ಚಿತ್ರ ಚೆನ್ನಾಗಿ ಕಾಣಲೆಂದು ಅವರು ಹೋದರು.

ಇನ್ನು ಭಾಷೆಯ ವಿಷಯ. “ಅಥವಾ ಬಂದರೆ ಸಂಯೋಗ, ಮತ್ತು ಬಂದರೆ ಛೇದನ” ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಬಸ್ಸಿನಲ್ಲಿ “ಮಹಿಳೆಯರಿಗೆ ಮತ್ತು ಹಿರಿಯ ನಾಗರಿಕರಿಗೆ ಮೀಸಲು” ಎಂದು ಬರೆದಿದ್ದರೆ ಆ ಸೂತ್ರದ ಪ್ರಕಾರ ಅಲ್ಲಿ ಮುದುಕಿಯರು ಮಾತ್ರ ಕೂರಬೇಕು! ಅಲ್ಲಿನ “ಮತ್ತು” ಸಂಯೋಗ. ನಮ್ಮ “ಊ” ಪ್ರತ್ಯಯವೂ ಹಾಗೇ. “ಸಭೆಗೆ ಕನ್ನಡಿಗರೂ ಮರಾಠಿಗರೂ ಬಂದಿದ್ದರು” ಎಂದರೆ ಸಂಯೋಗ. “ಅವಳಿಗೆ ಕನ್ನಡವೂ ಮರಾಠಿಯೂ ಬರುತ್ತದೆ” ಎಂದರೆ ಅವಳು ಛೇದನದಲ್ಲಿದ್ದಾಳೆ. “ಹಿಂದಿ ಅಥವಾ ಇಂಗ್ಲಿಷ್ ಬಾರದವರು” ಎಂದರೆ ಯಾರು? ಎರಡೂ ಬಾರದವರೋ, ಎರಡರಲ್ಲಿ ಒಂದಾದರೂ ಬಾರದವರೋ? ಎರಡೂ ಬರುವವರು 100 ಎಂದುಕೊಂಡ ಆ ಗುಂಪಿನಲ್ಲಿ ಮೊದಲನೆಯವರು 50, ಎರಡನೆಯವರು 300. ಒಂದೇ ಕನ್ನಡ ವಾಕ್ಯಕ್ಕೆ ಎರಡು ಲೆಕ್ಕ. ಈ ಗೊಂದಲ ಬಿಡಿಸುವುದಕ್ಕೇ ಚಿತ್ರ ಇರುವುದು: ವಾಕ್ಯ ಓದು, ಯಾವ ಜಾಗದ ಮಾತು ಎಂದು ಬೆರಳಿಟ್ಟು ತೋರಿಸು. ಪದ ನೋಡಿ ಚಿಹ್ನೆ ಹಾಕುವುದನ್ನು ಕಲಿಸಿದರೆ ಈ ಬೆರಳು ಎಂದಿಗೂ ಏಳುವುದಿಲ್ಲ.

ಹೊರನಾಡಿನಲ್ಲಿರುವ ನಮಗಂತೂ ಇದು ಬರೀ ಪಾಠದ ಮಾತಲ್ಲ. ಜನಗಣತಿಯ ನಮೂನೆಯಲ್ಲಿ ಮಾತೃಭಾಷೆಗೆ ಒಂದೇ ಉತ್ತರ. ಗೊತ್ತಿರುವ ಇತರ ಭಾಷೆಗಳಿಗೆ ಹೆಚ್ಚೆಂದರೆ ಎರಡು. 2011ರ ಗಣತಿಯಲ್ಲಿ ಕನ್ನಡ ಮಾತೃಭಾಷಿಕರು ಸುಮಾರು 4.37 ಕೋಟಿ ಎಂದು ಓದುವಾಗ, ಆ ಪಟ್ಟಿಯಲ್ಲಿ ಕನ್ನಡದ ವೃತ್ತವೂ ಮರಾಠಿ, ತೆಲುಗು, ತಮಿಳಿನ ವೃತ್ತಗಳೂ ಒಂದಕ್ಕೊಂದು ತಾಗದೆ ದೂರ ದೂರ ನಿಂತಿವೆ. ಜನ ಹಾಗಿದ್ದಾರೆಂದಲ್ಲ, ನಮೂನೆ ಹಾಗಿದೆ. ಅಮ್ಮ ಕನ್ನಡ, ಅಪ್ಪ ತೆಲುಗು ಮಾತಾಡುವ ಹೈದರಾಬಾದಿನ ಮಗು ಯಾವುದಾದರೂ ಒಂದು ವೃತ್ತಕ್ಕೆ ಹೋಗಬೇಕು. ಇನ್ನೊಂದನ್ನು ಹೆಚ್ಚೆಂದರೆ “ಇತರ ಭಾಷೆ” ಎಂದು ಬರೆಸಬಹುದು. ಎಣಿಸುವುದಕ್ಕೆ ಯಾವುದಾದರೂ ನಿಯಮ ಬೇಕು, ಒಪ್ಪುತ್ತೇನೆ. ಆದರೆ ಆ ಖಾಲಿ ಛೇದನ ನಿಯಮದಿಂದ ಬಂದದ್ದೋ ಜನರಿಂದ ಬಂದದ್ದೋ ಎಂದು ಕೇಳಲು ಬರಬೇಕು. ಹದಿನಾರನೇ ವಯಸ್ಸಿನಲ್ಲಿ ಚೌಕಟ್ಟಿನ ಹೊರಜಾಗವನ್ನು ಕೇಳದೆ ಸೊನ್ನೆ ಮಾಡಿದವರು ನಲವತ್ತರಲ್ಲಿ ಅದನ್ನು ಕೇಳುತ್ತಾರೆಂದು ನಾನು ನಂಬುವುದಿಲ್ಲ.

ಮೇಷ್ಟ್ರುಗಳ ಉತ್ತರ ನನಗೆ ಗೊತ್ತು. ಪಾಠ ಮುಗಿಸಬೇಕು, ಪರೀಕ್ಷೆ ಹತ್ತಿರ, ಕಲಿಯಲು ಶುರುಮಾಡಿದ ಮಕ್ಕಳಿಗೆ ಸರಳ ಲೆಕ್ಕವೇ ಸರಿ. ಸರಳವಾಗಿರಲಿ, ಯಾರು ಬೇಡ ಎಂದರು? ನಾನು ಕೇಳುವುದು ಮೂರೇ ಮೂರು. ಚೌಕಟ್ಟಿಲ್ಲದೆ ವೃತ್ತ ಬರೆಯಬಾರದು. ಸೂತ್ರ ಹಚ್ಚುವ ಮೊದಲು ನಾಲ್ಕೂ ಜಾಗಗಳಲ್ಲಿ ಸಂಖ್ಯೆಯನ್ನೋ ಪ್ರಶ್ನಾರ್ಥಕ ಚಿಹ್ನೆಯನ್ನೋ ಹಾಕಬೇಕು. ಎಲ್ಲಾದರೂ ಸೊನ್ನೆ ಹಾಕಿದರೆ, ಏಕೆ ಎಂದು ಪಕ್ಕದಲ್ಲಿ ಒಂದು ಸಾಲು ಬರೆಯಬೇಕು. ಒಂದು ಲೆಕ್ಕಕ್ಕೆ ಒಂದು ನಿಮಿಷ ಹೆಚ್ಚು ಹಿಡಿದೀತು.

ಭಾನುವಾರ ಇದನ್ನೆಲ್ಲ ಮಗಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಆದ್ರೂ ಪರೀಕ್ಷೆಯಲ್ಲಿ 50 ಅಂತಲೇ ಬರೀತೀನಿ, ಇಲ್ಲಾಂದ್ರೆ ಮಾರ್ಕ್ಸ್ ಹೋಗುತ್ತೆ” ಎಂದಳು. ಬರಿ ಎಂದೆ. ಆದರೆ ಅದರ ಮೇಲೆ ಒಂದು ಸಾಲು ಸೇರಿಸು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ವೃತ್ತಗಳ ಸುತ್ತ ಚೌಕಟ್ಟು ಎಳೆದು, ಮೂಲೆಯಲ್ಲಿ 0 ಹಾಕಿ, ಕೆಳಗೆ ಬರೆದಳು: “ಈ ಗುಂಪಿನಲ್ಲಿ ನಮ್ಮ ಅಜ್ಜಿಯಂಥವರು ಯಾರೂ ಇಲ್ಲ ಎಂದು ಭಾವಿಸಿ.”