ಹೊರೆ ಹೊರುವ ಯಂತ್ರದ ಮಂಡಿ



ಆಳುಗಳ ಅಭಾವದ ಮಾತು ಬಂದಾಗಲೆಲ್ಲ ಈಗೀಗ ಹೊಸದೊಂದು ಹೆಸರು ಕಿವಿಗೆ ಬೀಳುತ್ತಿದೆ: ಎಕ್ಸೋಸ್ಕೆಲಿಟನ್. ಏಡಿಗೆ ಚಿಪ್ಪಿರುವಂತೆ ಮನುಷ್ಯನ ಸೊಂಟ, ಕಾಲುಗಳ ಹೊರಗೆ ತೊಡಿಸುವ ಚೌಕಟ್ಟು. ಅದರ ಕೀಲುಗಳಲ್ಲಿ ವಿದ್ಯುತ್ ಮೋಟಾರು. ಬೆಂಗಳೂರಿನ ಡೆಬೆಲ್ ರಕ್ಷಣಾ ಪ್ರಯೋಗಾಲಯವು ಹೊರೆ ಹೊರುವ ಸೈನಿಕರಿಗಾಗಿ ಇಂಥ ಚೌಕಟ್ಟಿನ ಕೆಲಸ ಮಾಡಿದೆ. ಸಂಘದಿಂದ ಒಂದೆರಡನ್ನು ತರಿಸಬಾರದೇಕೆಂದು ಕೆಲವು ಸದಸ್ಯರು ಕೇಳಿದ್ದಾರೆ. ಈಗಲೇ ಬೇಡವೆಂಬುದು ನಮ್ಮ ಅಭಿಪ್ರಾಯ. ಕಾರಣ ಬೆಲೆಯೊಂದೇ ಅಲ್ಲ, ಆ ಯಂತ್ರದ ಮಂಡಿ.

ಕಳೆದ ಕಬ್ಬಿನ ಹಂಗಾಮಿನಲ್ಲಿ ಗೋಕಾಕ-ಮೂಡಲಗಿ ಸೀಮೆಯ ಕಲ್ಲೋಳಿಯ ಕಡೆ ಹೋಗಿದ್ದೆವು. ಕಬ್ಬು ಕಡಿಯುವ ಗ್ಯಾಂಗಿನವರು 30-40 ಕಿಲೋ ಹೊರೆಯನ್ನು ತಲೆಯ ಮೇಲಿಟ್ಟು, ಟ್ರೇಲರಿಗೆ ಒರಗಿಸಿದ ಹಲಗೆಯ ಮೇಲೆ ಸರಸರನೆ ಹತ್ತುತ್ತಾರೆ. ಹೆಂಗಸರೂ ಹತ್ತುತ್ತಾರೆ. ನೋಡುತ್ತ ನಿಂತ ನಮಗೆ ಎದೆ ನಡುಗಿತು. ಅಲ್ಲಿ ಹಲಗೆ, ನಮ್ಮಲ್ಲಿ ಗುಡ್ಡದ ದಾರಿ. ಮಂಡಿಯ ಮೇಲೆ ಬೀಳುವ ಭಾರದ ಲೆಕ್ಕ ಎರಡು ಕಡೆಯೂ ಒಂದೇ.

ಒಂದು ಮೀಟರ್ ಉದ್ದದ ಹಾರೆಯನ್ನು ಅಡ್ಡ ಹಿಡಿದು ತುದಿಗೆ 7 ಕಿಲೋ ತೂಗುಹಾಕಿ. ಹಿಡಿದ ಕೈಗೆ ತಗಲುವ ಆ ತಿರುಚು ಬಲದಷ್ಟನ್ನು, 70 ಕಿಲೋ ತೂಕದ ಆಳು ಬರಿಗೈಯಲ್ಲಿ ಮೆಟ್ಟಿಲು ಹತ್ತುವಾಗಲೇ, ಪ್ರತಿ ಹೆಜ್ಜೆಗೂ ಒಂದು ಮಂಡಿ ತಾಳಬೇಕು. ಹೊರೆಯಿದ್ದರೆ ಅದು 10 ಕಿಲೋವನ್ನೂ ದಾಟೀತು. ಮುಷ್ಟಿ ಗಾತ್ರದ ಮೋಟಾರು ನೇರವಾಗಿ ಕೊಡುವ ಬಲ ಇದರ ನೂರರಲ್ಲಿ ಒಂದು ಪಾಲಿನಷ್ಟು. ಆದ್ದರಿಂದ ನಡುವೆ ಗೇರು ಹಾಕಿ ಬಲವನ್ನು ನೂರು ಪಟ್ಟು ಹೆಚ್ಚಿಸುವುದು ಸುಲಭದ ದಾರಿ.

ತೊಡಕು ಇರುವುದೇ ಇಲ್ಲಿ. ಗೇರು ಬಲವನ್ನು ನೂರು ಪಟ್ಟು ಮಾಡಿದರೆ, ಹೊರಗಿನಿಂದ ಕೀಲನ್ನು ತಿರುಗಿಸಹೋದವನಿಗೆ ಮೋಟಾರಿನ ಜಡತ್ವ ಹತ್ತು ಸಾವಿರ ಪಟ್ಟು ತೋರುತ್ತದೆ. ಅಂದರೆ ಕೀಲು ಬಾಗದು. ಸಿಮೆಂಟಿನ ಕಣದಲ್ಲಿ ಇದು ಗೊತ್ತಾಗುವುದಿಲ್ಲ. ಆಷಾಢದ ಮಳೆಯಲ್ಲಿ, ಕೊಳೆತ ಎಲೆಯ ಮೇಲೆ ಕಾಲು ಜಾರಿದ ಕ್ಷಣ ನಮ್ಮ ಮಂಡಿ ತಾನಾಗಿ ಬಾಗಿ ಉಳಿಸುತ್ತದೆ. ಹಟಮಾರಿ ಯಂತ್ರದ ಮಂಡಿ ಬಾಗದೆ ಆಳನ್ನು ಮೂಟೆಸಮೇತ ಕೆಡವುತ್ತದೆ.

ಇದನ್ನರಿತ ಇಂಜಿನಿಯರುಗಳು ಈಗ ಬೇರೆ ದಾರಿ ಹಿಡಿದಿದ್ದಾರೆ. ಮೋಟಾರನ್ನು ತಟ್ಟೆಯಂತೆ ಅಗಲವಾಗಿ, ಚಪ್ಪಟೆಯಾಗಿ ಮಾಡಿ, ಹತ್ತರ ಆಸುಪಾಸಿನ ಗೇರು ಇಡುತ್ತಾರೆ. ಆಗ ಜಡತ್ವ ನೂರು ಪಟ್ಟಿಗೆ ಇಳಿದು ಕೀಲು ಮಾತು ಕೇಳುತ್ತದೆ. ಆದರೆ ಗೇರು ಕಡಿಮೆಯಾದಷ್ಟೂ ಮೋಟಾರಿಗೆ ಹೆಚ್ಚು ಕರೆಂಟು ಬೇಕು. ಕರೆಂಟು ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ನಮ್ಮ ಮಳೆಗೆ ನೀರು ನುಗ್ಗದಂತೆ ಮುಚ್ಚಿದರೆ ಆ ಶಾಖ ಹೊರಹೋಗುವ ದಾರಿಯೂ ಮುಚ್ಚಿತು. ಕೀಲು ಇರುವುದೋ ತೊಡೆಯ ಪಕ್ಕದಲ್ಲಿ. ಇನ್ನು ಇಂಥ ಮೋಟಾರಿಗೆ ಬೇಕಾದ ಬಲವಾದ ಅಯಸ್ಕಾಂತಕ್ಕೆ ಜಗತ್ತು ಹೆಚ್ಚಾಗಿ ಚೀನಾವನ್ನೇ ನೆಚ್ಚಿದೆ. 2025ರಲ್ಲಿ ಆ ದೇಶ ರಫ್ತಿಗೆ ಕಡಿವಾಣ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳೇ ಪರದಾಡಿದವು.

ತೂಕದ ಮಾತು ಬೇರೆ ಇದೆ. ಗಂಬೂಟಿಗೆ ಮೆತ್ತಿದ ಕೆಸರು ಎಷ್ಟು ದಣಿಸುತ್ತದೆಂಬುದು ತೋಟದಲ್ಲಿ ನಡೆದವರಿಗೆ ಗೊತ್ತು. ಸೊಂಟಕ್ಕೆ ಕಟ್ಟಿದ ಒಂದು ಕಿಲೋಗಿಂತ ಪಾದಕ್ಕೆ ಕಟ್ಟಿದ ಒಂದು ಕಿಲೋ ಹಲವು ಪಟ್ಟು ಆಯಾಸ ತರುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1965ರಲ್ಲಿ ಕೈಗೆತ್ತಿಕೊಂಡ ಹಾರ್ಡಿಮನ್ ಯಂತ್ರ 680 ಕಿಲೋ ಎತ್ತಬೇಕಿತ್ತು. ಅದರ ಸ್ವಂತ ತೂಕವೇ ಸರಿಸುಮಾರು ಅಷ್ಟಾಯಿತು. ಕೊನೆಗೆ ಹತೋಟಿಗೆ ಬಂದದ್ದು ಒಂದು ತೋಳು ಮಾತ್ರ. ಅಂದಿಗಿಂತ ಇಂದು ವಿದ್ಯೆ ಬಹಳ ಮುಂದುವರಿದಿದೆ ನಿಜ, ಆದರೂ ಹಗುರವೂ ಬಲಿಷ್ಠವೂ ಆದ ಕೀಲು ಇನ್ನೂ ಸುಲಭದ ಸರಕಲ್ಲ.

ಹಾಗೆಂದು ನಾವು ಯಂತ್ರದ ವೈರಿಗಳಲ್ಲ. ಮಾರಲು ಬರುವವರು ನಮ್ಮ ಇಳಿಜಾರಿನಲ್ಲಿ, ಮಳೆಗಾಲದಲ್ಲಿ, ಒಂದು ಇಡೀ ದಿನ ತೊಟ್ಟು ತೋರಿಸಲಿ. ಬ್ಯಾಟರಿ ಮುಗಿದ ಮೇಲೆ ಅದನ್ನು ತೊಟ್ಟವನು ಲೈನಿಗೆ ಹೇಗೆ ಹಿಂತಿರುಗುತ್ತಾನೆ ಎಂಬುದನ್ನೂ ತೋರಿಸಲಿ. ಆಮೇಲೆ ಸಂಘ ಕೊಂಡು ಬಾಡಿಗೆಗೆ ಕೊಡುವ ಯೋಚನೆ ಮಾಡಬಹುದು. ಎರಡು ಮೂರು ಎಕರೆಯ ಬೆಳೆಗಾರ ಸ್ವಂತಕ್ಕೆ ಕೊಳ್ಳುವ ವಸ್ತು ಇದಲ್ಲ. ಯಂತ್ರ ಬಂತೆಂದು ಮೂಟೆ ಉಬ್ಬಿಸುವ ಆಸೆಯನ್ನಂತೂ ಈಗಲೇ ಬಿಡಬೇಕು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಯಸ್ಕ ಗಂಡಾಳಿಗೂ 55 ಕಿಲೋ ಮೀರಬಾರದೆಂದು ಶಿಫಾರಸು ಮಾಡಿದ್ದು 1967ರಲ್ಲಿ. ಯೂರಿಯಾ ಚೀಲವೂ 2018ರಲ್ಲಿ 50ರಿಂದ 45 ಕಿಲೋಗೆ ಇಳಿಯಿತು. ಕಾಫಿ ಧಾರಣೆ 50 ಕಿಲೋ ಮೂಟೆಯ ಲೆಕ್ಕದಲ್ಲಿರುವುದು ವ್ಯಾಪಾರಕ್ಕೆ. ಹಣ್ಣು ಕೊಯ್ದವರು ಗಿಡದ ಬುಡದಿಂದ ತೂಕದ ಜಾಗಕ್ಕೆ ಅಷ್ಟನ್ನೇ ಹೊರಬೇಕೆಂಬ ಕಟ್ಟಳೆ ಎಲ್ಲಿದೆ? ಬರುವ ಕೊಯ್ಲಿಗೆ 30 ಕಿಲೋ ಮಾತ್ರ ಹಿಡಿಯುವ ಚೀಲಗಳನ್ನು ಸಂಘದಿಂದ ಒದಗಿಸುವ ವಿಷಯವನ್ನು ಮಹಾಸಭೆಯ ಮುಂದಿಡುತ್ತಿದ್ದೇವೆ. ಸದಸ್ಯರು ತಮಗೆ ಎಷ್ಟು ಚೀಲ ಬೇಕೆಂದು ಮುಂಚಿತವಾಗಿ ಕಚೇರಿಗೆ ತಿಳಿಸಬೇಕಾಗಿ ಕೋರಿಕೆ.

— ಕಾರ್ಯದರ್ಶಿ